ಸ್ಮೂದನಿಂಗ್ ಮಾಡಿಸಿದ ಕೂದಲಿನ ಆರೈಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪಾರ್ಲರ್‌ನಿಂದ ನೇರ ಕೂದಲು ಮಾಡಿಸಿಕೊಂಡು ಬಂದ ಮೊದಲ ವಾರ ಎಲ್ಲರೂ ಖುಷಿಯಾಗಿರುತ್ತಾರೆ. ಪ್ರಶ್ನೆಗಳು ಶುರುವಾಗುವುದು ಆಮೇಲೆ. ಮಾತಿನಲ್ಲಿ, ಮೆಸೇಜಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಮತ್ತೆ ಮತ್ತೆ ಕೇಳಿಬಂದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಹೊಸಬರು ಮೇಲಿಂದ ಓದಿ. ಎರಡನೇ ಸಲ ಮಾಡಿಸಲು ಹೊರಟವರು ಕೊನೆಯ ಭಾಗವನ್ನು ಮೊದಲು ನೋಡಿದರೂ ನಡೆಯುತ್ತದೆ.

## ಮೊದಲ ಹೆಜ್ಜೆ

ಸ್ಮೂದನಿಂಗ್, ರೀಬಾಂಡಿಂಗ್, ಕೆರಾಟಿನ್ ಎಲ್ಲಾ ಒಂದೇ ಅಲ್ವಾ? ಹೆಸರು ಬೇರೆ ಅಷ್ಟೇ ತಾನೇ?

ಅಲ್ಲ. ನಿಮ್ಮ ತಲೆಗೆ ಯಾವುದನ್ನು ಹಾಕಿದ್ದಾರೆ ಅಂತ ಗೊತ್ತಿಲ್ಲದಿದ್ದರೆ ಮುಂದಿನ ಅರ್ಧ ಸಲಹೆಗಳು ನಿಮಗೆ ಹೊಂದುವುದಿಲ್ಲ.

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಆ ಪ್ರೋಟೀನಿನ ಎಳೆಗಳನ್ನು ಗಂಧಕದ ಕೊಂಡಿಗಳು ಏಣಿಯ ಮೆಟ್ಟಿಲುಗಳ ಹಾಗೆ ಹಿಡಿದಿಟ್ಟಿರುತ್ತವೆ. ರೀಬಾಂಡಿಂಗ್‌ನಲ್ಲಿ ಥಯೋಗ್ಲೈಕೋಲೇಟ್ ಇರುವ ಕ್ರೀಮ್ ಹಚ್ಚಿ ಈ ಕೊಂಡಿಗಳನ್ನು ಬಿಡಿಸುತ್ತಾರೆ. ಐರನ್ ಮಾಡಿ ಕೂದಲನ್ನು ನೇರ ಮಾಡುತ್ತಾರೆ. ಆಮೇಲೆ ನ್ಯೂಟ್ರಲೈಸರ್ ಹಾಕಿ ಕೊಂಡಿಗಳನ್ನು ಹೊಸ ಜಾಗದಲ್ಲಿ ಕೂರಿಸುತ್ತಾರೆ. ನಮ್ಮ ಪಾರ್ಲರ್‌ಗಳಲ್ಲಿ ಸ್ಮೂದನಿಂಗ್ ಅಂದರೆ ಸಾಮಾನ್ಯವಾಗಿ ಇದೇ ಕೆಲಸ, ಸ್ವಲ್ಪ ಮೆದು ಕ್ರೀಮಿನಲ್ಲಿ. ಎರಡೂ ಶಾಶ್ವತ. ಎಷ್ಟು ತೊಳೆದರೂ ಹೋಗುವುದಿಲ್ಲ. ಹೊಸದಾಗಿ ಬೆಳೆಯುವ ಬುಡ ಮಾತ್ರ ಹುಟ್ಟಿನ ರೂಪದಲ್ಲಿ ಬರುತ್ತದೆ.

ಕೆರಾಟಿನ್ ಟ್ರೀಟ್‌ಮೆಂಟ್‌ನ ದಾರಿ ಬೇರೆ. ಅದು ಕೂದಲಿಗೆ ಲೇಪ ಹಚ್ಚಿ ಐರನ್ ಬಿಸಿಯಲ್ಲಿ ಕೂರಿಸುವ ಕೆಲಸ. ಮೂರರಿಂದ ಐದು ತಿಂಗಳಲ್ಲಿ ನಿಧಾನಕ್ಕೆ ಇಳಿದುಹೋಗುತ್ತದೆ. ಹೇರ್ ಬೊಟಾಕ್ಸ್, ನ್ಯಾನೋಪ್ಲಾಸ್ಟಿ ಅಂತ ಬೋರ್ಡಿನ ಮೇಲೆ ಬರೆದಿರುವ ಹೆಸರು ನೋಡಿ ಒಳಗೆ ಏನಿದೆ ಅಂತ ಹೇಳಲಾಗದು. ಹಾಗಾಗಿ ಹಚ್ಚುವ ಮುಂಚೆ ಡಬ್ಬದ ಹಿಂದೆ ಮುಂದೆ ಫೋಟೋ ತೆಗೆದುಕೊಳ್ಳಿ. ದಿನಾಂಕದ ಜೊತೆ ಫೋನಿನಲ್ಲಿ ಇಟ್ಟುಕೊಳ್ಳಿ. ಒಂದು ವರ್ಷ ಬಿಟ್ಟು ಬೇರೆ ಪಾರ್ಲರ್‌ಗೆ ಹೋದಾಗ ಅದೇ ನಿಮ್ಮ ಕೂದಲಿನ ಜಾತಕ.

ಡ್ಯಾಮೇಜ್ ಆದ ಕೂದಲನ್ನ ಮತ್ತೆ ಮೊದಲಿನ ಥರ ಮಾಡೋಕೆ ಏನು ಹಚ್ಚಬೇಕು?

ಅಂಥದ್ದು ಏನೂ ಇಲ್ಲ. ಬೇಜಾರಾಗಬಹುದು, ಆದರೆ ಇದು ತಲೆಗೆ ಹೋದರೆ ದುಡ್ಡು ಉಳಿಯುತ್ತದೆ.

ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವವಿಲ್ಲ. ಗಾಯ ಮಾಯುವ ಹಾಗೆ ಅದು ತಾನಾಗಿ ಸರಿಹೋಗುವುದಿಲ್ಲ. ಕಂಡಿಷನರ್, ಸೀರಮ್, ಮಾಸ್ಕ್ ಎಲ್ಲವೂ ಹಾನಿಯಾದ ಮೈಯನ್ನು ನುಣುಪು ಮಾಡುತ್ತವೆ, ಉಜ್ಜಾಟ ಕಡಿಮೆ ಮಾಡುತ್ತವೆ, ತುಂಡಾಗುವುದನ್ನು ಮುಂದೂಡುತ್ತವೆ. ಅದೂ ದೊಡ್ಡ ಉಪಕಾರವೇ. ಹಾಗಾಗಿ ಆರೈಕೆ ಅಂದರೆ ಹೊಸದಾಗಿ ಹಾನಿ ಮಾಡದಿರುವುದು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಹೊಸ ಕೂದಲು ಬರುತ್ತಲೇ ಇರುತ್ತದೆ. ಅದು ತುದಿಯವರೆಗೆ ಮುರಿಯದೆ ತಲುಪಿದರೆ ಗೆದ್ದ ಹಾಗೆ.

ಅಕ್ಕಾ, ಮೂರು ದಿನ ತಲೆಗೆ ನೀರೇ ಸೋಕಿಸಬಾರದು ಅಂದ್ರು. ಕಿವಿ ಹಿಂದೆ ಸಿಕ್ಕಿಸೋದೂ ಬೇಡ ಅಂತೆ. ನಿಜಾನಾ?

ನ್ಯೂಟ್ರಲೈಸರ್ ಸರಿಯಾಗಿ ಹಾಕಿದ್ದರೆ ಕೊಂಡಿಗಳು ಬಹುತೇಕ ಪಾರ್ಲರ್‌ನಲ್ಲೇ ಕೂತಿರುತ್ತವೆ. ಆದರೂ ಎರಡು ಮೂರು ದಿನ ಬಿಡಿ. ಈಗಷ್ಟೇ ಕ್ರೀಮಿನ ಕ್ಷಾರ, ಐರನ್ ಎರಡನ್ನೂ ಸಹಿಸಿದ ಕೂದಲು ಒದ್ದೆಯಾದಾಗ ಇನ್ನೂ ಬಡವಾಗಿರುತ್ತದೆ. ಬಿಗಿಯಾಗಿ ಜಡೆ ಹಾಕುವುದು, ಕ್ಲಚರ್ ಕಚ್ಚಿಸುವುದು ಬೇಡ. ಕಿವಿ ಹಿಂದೆ ಸಿಕ್ಕಿಸಿದ್ದಕ್ಕೆಲ್ಲ ಗಾಬರಿ ಬೇಕಿಲ್ಲ. ಕೆರಾಟಿನ್ ಆಗಿದ್ದರೆ ಆಯಾ ಕಂಪನಿಯ ಸೂಚನೆ ಬೇರೆ ಬೇರೆ. ಕೆಲವನ್ನು ಅದೇ ದಿನ ತೊಳೆಯುತ್ತಾರೆ. ಪಾರ್ಲರ್‌ನವರು ಹೇಳಿದ್ದನ್ನೇ ಕೇಳಿ.

ಮೊದಲ ಕೆಲವು ಸ್ನಾನದಲ್ಲಿ ಒಂಥರಾ ಗಂಧಕದ ವಾಸನೆ ಬಂದರೆ ಅದು ಥಯೋ ಕ್ರೀಮಿನದು. ತಾನಾಗಿ ಹೋಗುತ್ತದೆ.

ಪಾರ್ಲರ್‌ನವರು ಆರು ಬಾಟಲಿ ಬರೆದುಕೊಟ್ಟಿದ್ದಾರೆ. ನಿಜವಾಗ್ಲೂ ಎಷ್ಟು ಬೇಕು?

ಒಂದು ಮೆದು ಶಾಂಪೂ, ಒಂದು ಒಳ್ಳೆ ಕಂಡಿಷನರ್, ಅಗಲ ಹಲ್ಲಿನ ಬಾಚಣಿಗೆ. ತುದಿಗೆ ಎರಡು ಹನಿ ಸೀರಮ್ ಇದ್ದರೆ ಒಳ್ಳೆಯದು. ಮೊದಲ ಮೂರು ತಿಂಗಳು ಇಷ್ಟೇ ಸಾಕು. ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ಯಾವುದು ಹಿಡಿಸಿತು, ಯಾವುದರಿಂದ ನವೆ ಬಂತು ಅಂತಲೂ ಗೊತ್ತಾಗುವುದಿಲ್ಲ.

## ವಾರದ ರೂಢಿ

ವಾರಕ್ಕೆ ಎಷ್ಟು ಸಲ ತಲೆಸ್ನಾನ ಮಾಡಬಹುದು? ಜಾಸ್ತಿ ತೊಳೆದರೆ ಸ್ಟ್ರೇಟ್ ಹೋಗಿಬಿಡುತ್ತಾ?

ಸ್ಮೂದನಿಂಗ್, ರೀಬಾಂಡಿಂಗ್ ಆದರೆ ಹೋಗುವುದಿಲ್ಲ. ಕೆರಾಟಿನ್ ಆದರೆ ಪ್ರತಿ ಸ್ನಾನಕ್ಕೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಸಲ್ಫೇಟ್ ಎಂಬ ಜೋರು ನೊರೆ ಪದಾರ್ಥ ಇರುವ ಶಾಂಪೂವಿನಲ್ಲಿ ಬೇಗ ಇಳಿಯುತ್ತದೆ. ಸಲ್ಫೇಟ್ ಇಲ್ಲದ್ದು ಕೊಳ್ಳಿ ಅಂತ ಹೇಳುವುದು ಅದಕ್ಕೇ.

ಸಾಮಾನ್ಯವಾಗಿ ವಾರಕ್ಕೆ ಎರಡು ಸಲ. ದಿನಾ ಬಸ್ಸಿನ ಧೂಳು, ಹೆಲ್ಮೆಟ್ಟಿನ ಬೆವರು ಇದ್ದರೆ ಮೂರು ಸಲ. ಮಂಗಳೂರು, ಕಾರವಾರದ ಕಡೆ ಬೇಸಿಗೆಯಲ್ಲಿ ಬುಡ ಬೇಗ ಜಿಡ್ಡಾಗುತ್ತದೆ, ಬಳ್ಳಾರಿ ಬಿಸಿಲಿಗೆ ತುದಿ ಬೇಗ ಒಣಗುತ್ತದೆ. ನಿಮ್ಮ ಊರಿನ ಹವೆ ನೋಡಿ ತೀರ್ಮಾನಿಸಿ. ಶಾಂಪೂವನ್ನು ಅಂಗೈಯಲ್ಲೇ ನೀರು ಬೆರೆಸಿ ತೆಳು ಮಾಡಿ. ಬೆರಳ ತುದಿಯಿಂದ ಬುಡಕ್ಕೆ ಮಾತ್ರ ಹಚ್ಚಿ. ಉದ್ದಕ್ಕೆ ಇಳಿಯುವ ನೊರೆಯೇ ಸಾಕು. ಕೂದಲನ್ನೆಲ್ಲ ತಲೆ ಮೇಲೆ ಗುಡ್ಡೆ ಹಾಕಿ ಉಜ್ಜಬೇಡಿ. ನೀರು ಉಗುರು ಬೆಚ್ಚಗಿರಲಿ.

ಕಂಡಿಷನರ್ ಹಾಕಿದ್ರೆ ಕೂದಲು ಉದುರುತ್ತೆ ಅಂತಾರೆ ನಮ್ಮತ್ತೆ.

ಅತ್ತೆಯವರು ಕಂಡಿದ್ದು ಸುಳ್ಳಲ್ಲ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಿಟ್ಟುಕೊಂಡು ಸಿಕ್ಕಿನಲ್ಲಿ ಕೂತಿದ್ದ ಕೂದಲು ಕಂಡಿಷನರ್ ಜಾರಿಕೆಗೆ ಒಟ್ಟಿಗೆ ಕೈಗೆ ಬರುತ್ತದೆ. ನೋಡಿದರೆ ಭಯವಾಗುತ್ತದೆ ಅಷ್ಟೇ.

ರಾಸಾಯನಿಕ ತಾಗಿದ ಕೂದಲಿಗೆ ಕಂಡಿಷನರ್ ಬಿಡಲೇಬಾರದು. ಹಾನಿಯಾದ ಕೂದಲಿನ ಮೈಯಲ್ಲಿ ಋಣ ವಿದ್ಯುದಂಶ ಜಾಸ್ತಿ. ಕಂಡಿಷನರ್‌ನ ಮುಖ್ಯ ಪದಾರ್ಥಕ್ಕೆ ಧನ ವಿದ್ಯುದಂಶ. ಹಾಗಾಗಿ ಎಲ್ಲಿ ಹಾನಿ ಜಾಸ್ತಿಯೋ ಅಲ್ಲೇ ಹೋಗಿ ಜಾಸ್ತಿ ಅಂಟಿಕೊಳ್ಳುತ್ತದೆ. ಕಿವಿಯ ಮಟ್ಟದಿಂದ ಕೆಳಗೆ ಹಚ್ಚಿ, ಎರಡು ಮೂರು ನಿಮಿಷ ಬಿಟ್ಟು ತೊಳೆಯಿರಿ. ಬುಡಕ್ಕೆ ಬೇಡ.

ಬೆಳಗ್ಗೆ ಏಳೂವರೆಗೆ ಮನೆ ಬಿಡಬೇಕು. ಒದ್ದೆ ಕೂದಲು ಕಟ್ಟಿಕೊಂಡೇ ಹೆಲ್ಮೆಟ್ ಹಾಕ್ತೀನಿ. ತೊಂದ್ರೆ ಇದ್ಯಾ?

ಇದೆ. ಒದ್ದೆ ಕೂದಲು ಹಿಗ್ಗುತ್ತದೆ. ಹಿಗ್ಗಿದಾಗ ರಬ್ಬರ್ ಬ್ಯಾಂಡ್ ಕಚ್ಚಿದ ಜಾಗದಲ್ಲೇ ಮುರಿಯುತ್ತದೆ. ಹೆಲ್ಮೆಟ್ ಒಳಗೆ ಒದ್ದೆ ಬುಡ ಬೆಂದರೆ ಹೊಟ್ಟು, ನವೆ ಬೇರೆ. ತಲೆಸ್ನಾನವನ್ನು ಸಂಜೆಗೆ ಹಾಕಿಕೊಳ್ಳಿ. ಹಳೇ ಹತ್ತಿ ಟೀ ಶರ್ಟಿನಲ್ಲಿ ಒತ್ತಿ ನೀರು ತೆಗೆಯಿರಿ. ಟವೆಲಿನಲ್ಲಿ ಪಟಪಟ ಹೊಡೆದು ಕೊಡವುವುದು ನಮ್ಮಲ್ಲಿ ರೂಢಿ. ಈ ಕೂದಲಿಗೆ ಅದು ಆಗದು. ಹೆಲ್ಮೆಟ್ ಒಳಗೆ ತೆಳು ಹತ್ತಿ ಬಟ್ಟೆ ಅಥವಾ ಸ್ಯಾಟಿನ್ ಸ್ಕಾರ್ಫ್ ಇರಲಿ. ಕೂದಲನ್ನು ಕತ್ತಿನ ಹತ್ತಿರ ಸಡಿಲವಾಗಿ ಕಟ್ಟಿ, ಬಟ್ಟೆಯ ಸ್ಕ್ರಂಚಿಯಲ್ಲಿ.

ಡ್ರೈಯರ್ ಬೇಕೇ ಬೇಕೆಂದರೆ ಮುಕ್ಕಾಲು ಒಣಗಿದ ಮೇಲೆ, ಕಡಿಮೆ ಬಿಸಿಯಲ್ಲಿ ಹಿಡಿಯಿರಿ. ಒದ್ದೆ ಕೂದಲಿಗೆ ಐರನ್ ಮಾತ್ರ ಯಾವತ್ತೂ ಬೇಡ. ಒಳಗಿನ ನೀರು ಆವಿಯಾಗಿ ಕೂದಲಿನೊಳಗೆ ಗುಳ್ಳೆ ಎಬ್ಬಿಸುತ್ತದೆ. ಆ ಜಾಗದಲ್ಲೇ ಕೂದಲು ಮುರಿಯುತ್ತದೆ. ಹೇಗೂ ನೇರ ಇರುವ ಕೂದಲಿಗೆ ದಿನಾ ಐರನ್ ಯಾಕೆ? ಹಬ್ಬ, ಫಂಕ್ಷನ್‌ಗೆ ಮಾಡಿಕೊಂಡರೂ ಬಿಸಿ 180 ಡಿಗ್ರಿ ದಾಟದಿರಲಿ.

ಬಾಚೋದು ಮೇಲಿಂದಾನಾ, ಕೆಳಗಿಂದಾನಾ?

ಕೆಳಗಿಂದ. ತುದಿಯ ನಾಲ್ಕು ಬೆರಳು ಉದ್ದದ ಸಿಕ್ಕು ಬಿಡಿಸಿ, ಆಮೇಲೆ ಮೇಲೆ ಮೇಲೆ ಹೋಗಿ. ಮೇಲಿಂದ ಎಳೆದರೆ ಸಿಕ್ಕೆಲ್ಲ ಕೆಳಗೆ ಬಿಗಿದು ಗಂಟಾಗುತ್ತದೆ.

## ಎಣ್ಣೆ, ಸೀಗೆಕಾಯಿ, ಬೋರ್ ನೀರು

ಸ್ಮೂದನಿಂಗ್ ಆದ್ಮೇಲೆ ಕೊಬ್ಬರಿ ಎಣ್ಣೆ ಹಚ್ಚಲೇಬಾರದಂತೆ?

ಯಾರು ಹೇಳಿದರೋ! ಕೊಬ್ಬರಿ ಎಣ್ಣೆ ಈ ಕೂದಲಿಗೆ ಒಳ್ಳೆಯ ಸಂಗಾತಿ. 2003ರಲ್ಲಿ ಮುಂಬೈನ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಸೋರಿಹೋಗುವುದನ್ನು ಚೆನ್ನಾಗಿ ತಡೆದದ್ದು ಕೊಬ್ಬರಿ ಎಣ್ಣೆ ಮಾತ್ರ. ಹಾನಿಯಾದ ಕೂದಲಲ್ಲೂ ಅದೇ ಫಲಿತಾಂಶ. ಅದರಲ್ಲಿರುವ ಲಾರಿಕ್ ಆಮ್ಲದ ಕಣ ಚಿಕ್ಕದು, ನೇರ. ಅದಕ್ಕೇ ಕೂದಲಿನ ಒಳಗೆ ಇಳಿಯುತ್ತದೆ. ಆ ಸಂಶೋಧಕರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಮಾಡಿಸಿದ ಮೊದಲ ವಾರ ಬಿಡಿ. ಆಮೇಲೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ, ಉದ್ದಕ್ಕೆ ತೆಳುವಾಗಿ ಹಚ್ಚಿ. ಕೂದಲು ಸೋರುವಷ್ಟು ಬೇಡ. ಅಷ್ಟು ಎಣ್ಣೆ ತೆಗೆಯಲು ಎರಡು ಸಲ ಶಾಂಪೂ ಹಾಕಬೇಕಾಗುತ್ತದೆ, ಬಂದ ಲಾಭ ಅಲ್ಲೇ ಹೋಯಿತು. ಹರಳೆಣ್ಣೆ ಒಂದನ್ನೇ ಹಚ್ಚಬೇಡಿ. ಅದರ ಅಂಟಿಗೆ ಕೂದಲು ಸಿಕ್ಕಾಗುತ್ತದೆ. ಕೊಬ್ಬರಿ ಎಣ್ಣೆಗೆ ನಾಲ್ಕು ಹನಿ ಬೆರೆಸಿದರೆ ಪರವಾಗಿಲ್ಲ.

ದೀಪಾವಳಿಗೆ ಎಣ್ಣೆ ನೀರು ಹಾಕಿಕೊಳ್ಳದೆ ಇರೋಕಾಗುತ್ತಾ? ಅಮ್ಮ ಸೀಗೆಪುಡಿಯಲ್ಲೇ ಉಜ್ಜೋದು.

ಹಾಕಿಕೊಳ್ಳಿ. ಉಗಾದಿಗೂ ಹಾಕಿಕೊಳ್ಳಿ. ಆಗದಿರುವುದು ಹಂಡೆಯ ಕುದಿ ನೀರು, ಮತ್ತು ಪುಡಿಯನ್ನು ಹಾಗೇ ತಲೆಗೆ ಸುರಿದು ಉಜ್ಜುವುದು. ಪುಡಿಯ ತರಿ ಕೂದಲನ್ನು ಕೆರೆಯುತ್ತದೆ. ತೊಳೆದಾದ ಮೇಲೂ ಬುಡದಲ್ಲಿ ಕೂತಿರುತ್ತದೆ. ಸೀಗೆಕಾಯಿಯನ್ನು ರಾತ್ರಿ ನೆನೆಸಿ, ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಆ ನೀರಿನಲ್ಲಿ ತೊಳೆಯಿರಿ. ಮಲೆನಾಡಿನವರಿಗೆ ಮತ್ತಿ ಸೊಪ್ಪು ಸಿಕ್ಕರೆ ಇನ್ನೂ ಒಳ್ಳೆಯದು. ದಾಸವಾಳದ ಎಲೆಯ ಲೋಳೆಯೂ ಹಾಗೇ, ಜಾರಿಕೆ ಕೊಡುತ್ತದೆ. ಆದರೆ ಸಿಪ್ಪೆ ಸೊಪ್ಪು ಉಳಿಯದ ಹಾಗೆ ಸೋಸಲೇಬೇಕು.

ಮೈಸೂರಲ್ಲಿ ಕೂದಲು ಚೆನ್ನಾಗಿತ್ತು. ಬೆಂಗಳೂರು ಪಿಜಿಗೆ ಬಂದು ಎರಡೇ ತಿಂಗಳಿಗೆ ತೆಂಗಿನ ನಾರಾಗಿದೆ.

ಹೆಚ್ಚಾಗಿ ನೀರಿನ ಕೆಲಸ. ಕಾವೇರಿ ನೀರು ಬರದ ಬೀದಿಗಳಲ್ಲಿ ಬೋರ್‌ವೆಲ್, ಟ್ಯಾಂಕರ್ ನೀರೇ ಗತಿ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಇವು ಕೂದಲಿಗೆ ಅಂಟುತ್ತವೆ, ರಾಸಾಯನಿಕ ತಾಗಿದ ಕೂದಲಿಗೆ ಇನ್ನೂ ಜಾಸ್ತಿ. ಸೋಪು ನೊರೆ ಬಾರದಿದ್ದರೆ, ನಲ್ಲಿಯ ಸುತ್ತ ಬಿಳಿ ಕರೆ ಕಟ್ಟಿದ್ದರೆ ಅನುಮಾನವೇ ಬೇಡ.

ಎರಡು ವಾರಕ್ಕೊಮ್ಮೆ ಗಡಸು ನೀರಿಗೆಂದೇ ಮಾಡಿದ ಚಿಲೇಟಿಂಗ್ ಶಾಂಪೂ ಹಾಕಿ, ಆಮೇಲೆ ಕಂಡಿಷನರ್ ಧಾರಾಳವಾಗಿ ಹಚ್ಚಿ. ಕೊನೆಯ ಎರಡು ಚೊಂಬು ಫಿಲ್ಟರ್ ನೀರಾಗಲಿ. ಆರ್‌ಒ ಮೆಷಿನ್ನಿನಿಂದ ವೇಸ್ಟ್ ಆಗಿ ಹೋಗುವ ನೀರನ್ನು ಕೆಲವರು ಹಿಡಿದಿಟ್ಟು ತಲೆಗೆ ಬಳಸುತ್ತಾರೆ. ಅದು ಬೇಡ. ಫಿಲ್ಟರ್ ಬಿಟ್ಟ ಲವಣವೆಲ್ಲ ಅದರಲ್ಲೇ ಇರುತ್ತದೆ. ಶವರ್‌ಗೆ ಸಿಕ್ಕಿಸುವ ಪುಟ್ಟ ಫಿಲ್ಟರ್ ಕ್ಲೋರಿನ್, ಮಣ್ಣು ಹಿಡಿಯಬಹುದು. ಗಡಸುತನ ಇಳಿಸಲು ಅಪಾರ್ಟ್‌ಮೆಂಟುಗಳಲ್ಲಿ ಇರುವಂಥ ಸಾಫ್ಟ್‌ನರ್ ಬೇಕು.

ಮೊಟ್ಟೆ ಹಚ್ಚಿದ್ರೆ ಪ್ರೋಟೀನ್ ಸಿಗುತ್ತಲ್ವಾ?

ಮೊಟ್ಟೆಯ ಪ್ರೋಟೀನಿನ ಕಣ ದೊಡ್ಡದು, ಕೂದಲಿನೊಳಗೆ ಹೋಗುವುದಿಲ್ಲ. ತಿಂದರೇ ಲಾಭ. ಬಿಸಿ ನೀರು ಬಿದ್ದರೆ ತಲೆ ಮೇಲೇ ಬೇಯುತ್ತದೆ, ಆಮೇಲೆ ಹೆಕ್ಕುತ್ತಾ ಕೂರಬೇಕು. ಪ್ರೋಟೀನ್ ಬೇಕಿದ್ದರೆ ಹೈಡ್ರೊಲೈಸ್ಡ್ ಅಂತ ಬರೆದಿರುವ ಮಾಸ್ಕ್ ನೋಡಿ. ಅದರಲ್ಲಿ ಕಣಗಳನ್ನು ಒಡೆದು ಚಿಕ್ಕದು ಮಾಡಿರುತ್ತಾರೆ. ತಿಂಗಳಿಗೊಮ್ಮೆ ಸಾಕು. ಜಾಸ್ತಿಯಾದರೆ ಕೂದಲು ಬಿರುಸಾಗುತ್ತದೆ.

## ತೊಂದರೆ ಕಂಡಾಗ

ನೆಲದ ತುಂಬಾ ಕೂದಲು. ಇದು ಉದುರ್ತಿರೋದಾ, ತುಂಡಾಗ್ತಿರೋದಾ?

ಹತ್ತು ಕೂದಲು ಹೆಕ್ಕಿ ಬಿಳಿ ಕಾಗದದ ಮೇಲಿಟ್ಟು ನೋಡಿ. ಪೂರ್ತಿ ಉದ್ದ ಇದ್ದು ಒಂದು ತುದಿಯಲ್ಲಿ ಪುಟ್ಟ ಬಿಳಿ ಗಂಟು ಇದ್ದರೆ ಅದು ಬುಡದಿಂದ ಉದುರಿದ್ದು. ಗಂಟಿಲ್ಲದ ಚಿಕ್ಕ ಚೂರುಗಳಾದರೆ ತುಂಡಾದದ್ದು. ಎರಡಕ್ಕೂ ಕಾರಣ ಬೇರೆ, ಮದ್ದು ಬೇರೆ.

ತುಂಡಾಗುತ್ತಿದ್ದರೆ ಇನ್ನೊಂದು ಪರೀಕ್ಷೆ. ಒಂದು ಒದ್ದೆ ಕೂದಲನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಸ್ವಲ್ಪ ಹಿಗ್ಗಿ ವಾಪಸ್ ಬಂದರೆ ಚೆನ್ನಾಗಿದೆ. ಎಳೆದಷ್ಟೂ ಹಿಗ್ಗಿ ಹಾಗೇ ಉಳಿದರೆ ರಾಸಾಯನಿಕ ಮಿತಿ ಮೀರಿದೆ. ಅಂಥ ಕೂದಲಿಗೆ ಬಣ್ಣ, ಐರನ್, ಟಚಪ್ ಎಲ್ಲಾ ನಿಲ್ಲಿಸಿ, ತುದಿ ಕತ್ತರಿಸಿ.

ಬುಡದಿಂದಲೇ ಉದುರುತ್ತಿದ್ದರೆ ಪಾರ್ಲರ್ ಬೈಯುವ ಮುಂಚೆ ಹಿಂದಿನ ಎರಡು ಮೂರು ತಿಂಗಳು ನೆನಪು ಮಾಡಿಕೊಳ್ಳಿ. ಡೆಂಗಿ, ಟೈಫಾಯ್ಡ್ ಥರದ ಜ್ವರ, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸಿದ್ದು, ಇವೆಲ್ಲ ಅಷ್ಟು ದಿನ ಬಿಟ್ಟು ಕೂದಲಲ್ಲಿ ಕಾಣಿಸುತ್ತವೆ. ರಕ್ತಹೀನತೆ, ಥೈರಾಯ್ಡ್ ಕೂಡ ಇರಬಹುದು. ಚರ್ಮದ ಡಾಕ್ಟರನ್ನು ನೋಡಿ. ಉದುರುವುದು ನಿಲ್ಲುವವರೆಗೆ ಹೊಸ ಟ್ರೀಟ್‌ಮೆಂಟ್ ಬೇಡ. ಬುಡದಲ್ಲಿ ಉರಿ, ಗುಳ್ಳೆ, ಕೀವು ಇದ್ದರೆ ಎಣ್ಣೆ ಹಚ್ಚಿ ಕಾಯಬೇಡಿ, ಅದೇ ದಿನ ತೋರಿಸಿ.

ಬುಡ ಗುಂಗುರು, ತುದಿ ನೇರ. ನೋಡೋಕಾಗ್ತಿಲ್ಲ. ಯಾವಾಗ ಟಚಪ್ ಮಾಡಿಸಲಿ?

ಕಡಿಮೆ ಅಂದರೂ ಆರು ತಿಂಗಳು, ಆಗುವುದಾದರೆ ಒಂದು ವರ್ಷ ಕಾಯಿರಿ. ಆರು ತಿಂಗಳಿಗೆ ಸುಮಾರು ಆರು ಸೆಂಟಿಮೀಟರ್ ಹೊಸ ಕೂದಲು ಬಂದಿರುತ್ತದೆ. ಅಷ್ಟಿದ್ದರೆ ಹಳೆಯದಕ್ಕೆ ತಾಗದಂತೆ ಕ್ರೀಮ್ ಹಚ್ಚಲು ಜಾಗ ಸಿಗುತ್ತದೆ. ಹೊಸ ಕೂದಲಿಗೆ ಮಾತ್ರ ಹಚ್ಚಿ ಅಂತ ಕೂರುವ ಮುಂಚೆಯೇ ಹೇಳಿ. ಕ್ರೀಮ್ ಇಟ್ಟ ಮೇಲೆ ಹೇಳಿದರೆ ತಡವಾಯಿತು. ಬುಡದಿಂದ ತುದಿಯವರೆಗೆ ಒಮ್ಮೆಲೇ ಕ್ರೀಮ್ ಹಚ್ಚಿದರೆ ಒಂದು ಸಲ ಕೊಂಡಿ ಬಿಚ್ಚಿ ಹಾಕಿದ ಕೂದಲಿಗೆ ಎರಡನೇ ಪೆಟ್ಟು. ನಾನು ಕಂಡ ಬಹಳಷ್ಟು ಹಾಳಾದ ಕೂದಲು ಮೊದಲ ಸಲದ್ದಲ್ಲ, ಹೀಗೆ ಎರಡನೇ ಸಲದ್ದು.

ಅಲ್ಲಿಯವರೆಗೆ ಹಳೆಯದೂ ಹೊಸದೂ ಕೂಡುವ ಜಾಗವೇ ಅತಿ ಬಡವು. ಸಿಕ್ಕು ಬಿಡಿಸುವಾಗ ಅಲ್ಲಿ ಕೈ ಹಗುರ ಇರಲಿ. ಎತ್ತಿ ಕಟ್ಟುವ ಬಿಗಿ ಪೋನಿಟೈಲ್ ಬೇಡ. ಸಡಿಲ ಜಡೆ ಹಾಕಿದರೆ ಎರಡು ರೂಪವೂ ಮುಚ್ಚಿಹೋಗುತ್ತವೆ.

## ಎರಡನೇ ಸಲಕ್ಕೆ ಮುಂಚೆ

ಬಿಳಿ ಕೂದಲಿಗೆ ಗೋರಂಟಿ ಹಚ್ತೀನಿ. ಸ್ಮೂದನಿಂಗ್ ಮಾಡಿಸಬಹುದಾ?

ಪಾರ್ಲರ್‌ನವರಿಗೆ ಮುಚ್ಚಿಡದೆ ಹೇಳಿ. ಶುದ್ಧ ಗೋರಂಟಿ ಕೂದಲಿನ ಪ್ರೋಟೀನಿಗೇ ಅಂಟುವುದರಿಂದ ಕ್ರೀಮ್ ಒಂದು ಕಡೆ ಹಿಡಿದು ಒಂದು ಕಡೆ ಹಿಡಿಯದೆ ಹೋಗಬಹುದು. ಇನ್ನೂ ಅಪಾಯ ಅಂದರೆ ಲೋಹದ ಲವಣ ಬೆರೆಸಿದ ಪುಡಿಗಳು. ನ್ಯೂಟ್ರಲೈಸರ್‌ನ ಪೆರಾಕ್ಸೈಡ್ ತಾಗಿದರೆ ಬಿಸಿಯಾಗಿ ಕೂದಲೇ ಸುಟ್ಟುಹೋಗಬಹುದು. ಬಾಚಣಿಗೆಯಲ್ಲಿ ಬಂದ ನಾಲ್ಕು ಕೂದಲನ್ನು ತೆಗೆದುಕೊಂಡು ಹೋಗಿ, ಅದರ ಮೇಲೆ ಮೊದಲು ಪರೀಕ್ಷೆ ಮಾಡಲು ಹೇಳಿ. ಬಣ್ಣ ಬೇಕಿದ್ದರೆ ಸ್ಮೂದನಿಂಗ್ ಮೊದಲು, ಎರಡು ವಾರ ಬಿಟ್ಟು ಬಣ್ಣ. ಬ್ಲೀಚ್ ಮಾಡಿದ ಕೂದಲಿಗೆ ಸ್ಮೂದನಿಂಗ್ ಮಾಡುತ್ತೇವೆ ಅಂದರೆ ಎದ್ದು ಬನ್ನಿ.

ಅಮೆರಿಕದಲ್ಲಿದ್ದೀನಿ. ಅಂಗಡಿಯಲ್ಲಿ ರಿಲ್ಯಾಕ್ಸರ್ ಡಬ್ಬ ಕಡಿಮೆ ಬೆಲೆಗೆ ಸಿಗುತ್ತೆ. ಮನೆಯಲ್ಲೇ ಮಾಡ್ಕೊಳ್ಲಾ?

ಬೇಡ. ಅದು ನಮ್ಮ ಪಾರ್ಲರ್ ಕ್ರೀಮ್ ಅಲ್ಲ. ರಿಲ್ಯಾಕ್ಸರ್ ಬೆಳೆದದ್ದು ಆಫ್ರಿಕನ್ ಅಮೆರಿಕನ್ನರ ನಡುವೆ. ಷಿಕಾಗೋದ ಜಾರ್ಜ್ ಇ. ಜಾನ್ಸನ್ 1954ರಲ್ಲಿ ಗಂಡಸರಿಗೆ ಮೊದಲು ಮಾರಿದರು, ಆಮೇಲೆ ಅದು ಹೆಂಗಸರ ದೊಡ್ಡ ಮಾರುಕಟ್ಟೆಯಾಯಿತು. ಒತ್ತಾದ ಸುರುಳಿ ಕೂದಲಿಗೆಂದು ಅದರ ಬಲ ನಿಗದಿ ಮಾಡಿರುತ್ತಾರೆ. ಮುಖ್ಯ ಪದಾರ್ಥ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ. ಇಂಗ್ಲಿಷಿನಲ್ಲಿ ಇದಕ್ಕೆ ಲೈ ಅಂತಲೂ ಹೆಸರು. ಲೈ ಇಲ್ಲ ಅಂತ ಬರೆದ ಡಬ್ಬಗಳಲ್ಲಿ ಗ್ವಾನಿಡಿನ್ ಹೈಡ್ರಾಕ್ಸೈಡ್ ಇರುತ್ತದೆ, ಕ್ಷಾರ ಅದೂ ಜೋರೇ. ಅಲ್ಲಿನ ಹೆಂಗಸರು ಹಚ್ಚುವ ಮುಂಚೆ ತಲೆಚರ್ಮಕ್ಕೆ ಪೆಟ್ರೋಲಿಯಂ ಜೆಲ್ಲಿ ಬಳಿದು, ಗಡಿಯಾರ ನೋಡಿಕೊಂಡೇ ಮಾಡುತ್ತಾರೆ. ಎಂಟರಿಂದ ಹನ್ನೆರಡು ವಾರಕ್ಕೊಮ್ಮೆ, ಹೊಸ ಬುಡಕ್ಕೆ ಮಾತ್ರ. ತಲೆಮಾರುಗಳಿಂದ ಕಲಿತ ಕೈ ಅದು.

ಹೈಡ್ರಾಕ್ಸೈಡ್ ತಾಗಿದ ಕೂದಲಿಗೆ ಥಯೋ ಕ್ರೀಮ್ ಹಾಕಬಾರದು, ಥಯೋ ತಾಗಿದ್ದಕ್ಕೆ ಹೈಡ್ರಾಕ್ಸೈಡ್ ಹಾಕಬಾರದು. ಹಾಕಿದರೆ ಕೂದಲು ಕೈಗೇ ಬರಬಹುದು. ಊರಿಗೆ ಬಂದಾಗ ಮದುವೆಗೆಂದು ಸ್ಮೂದನಿಂಗ್‌ಗೆ ಕೂರುವ ಮುಂಚೆ ಅಲ್ಲಿ ಏನು ಹಚ್ಚಿಕೊಂಡಿದ್ದಿರಿ ಅಂತ ಹೇಳಲೇಬೇಕು.

ಇದರಿಂದ ಕ್ಯಾನ್ಸರ್ ಬರುತ್ತೆ ಅಂತ ವಾಟ್ಸಾಪಲ್ಲಿ ಬಂದಿತ್ತು.

ಪೂರ್ತಿ ಗಾಳಿಮಾತಲ್ಲ. 2022ರಲ್ಲಿ ಅಮೆರಿಕದ ಸಿಸ್ಟರ್ ಸ್ಟಡಿ ಎಂಬ ಅಧ್ಯಯನ 33,497 ಹೆಂಗಸರ ಮಾಹಿತಿ ಪ್ರಕಟಿಸಿತು. ಸ್ಟ್ರೇಟನಿಂಗ್ ಪದಾರ್ಥ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ನೂರಕ್ಕೆ 1.64 ಇದ್ದರೆ, ವರ್ಷಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬಳಸುವವರಲ್ಲಿ 4.05 ಇತ್ತು. ಇದು ಸಂಬಂಧ ತೋರಿಸುತ್ತದೆ, ಕಾರಣ ಅಂತ ಸಾಬೀತು ಮಾಡುವುದಿಲ್ಲ. ಆದರೂ ಮಾಡಿಸುವುದು ಕಡಿಮೆಯಾದಷ್ಟೂ ಒಳ್ಳೆಯದು ಅನ್ನಲು ನನಗೆ ಇಷ್ಟು ಸಾಕು.

ಕೆರಾಟಿನ್ ಬಗ್ಗೆ ಎರಡು ಮಾತು. ಕೆಲವು ಡಬ್ಬಗಳಿಂದ ಬಿಸಿಗೆ ಫಾರ್ಮಾಲ್ಡಿಹೈಡ್ ಹೊಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಮೆಥಿಲೀನ್ ಗ್ಲೈಕಾಲ್ ಅಂತ ಬರೆದಿದ್ದರೂ ಅದೇ. ಕಣ್ಣು ಉರಿದರೆ ಸಹಿಸಿಕೊಂಡು ಕೂರಬೇಡಿ. ಅದಕ್ಕೆ ಬದಲಾಗಿ ಬಂದ ಗ್ಲೈಆಕ್ಸಿಲಿಕ್ ಆಮ್ಲವೂ ನಿರಪಾಯಕಾರಿ ಅಲ್ಲ. ಸ್ಟ್ರೇಟನಿಂಗ್ ಆದ ಮೇಲೆ ಕಿಡ್ನಿಗೆ ಪೆಟ್ಟಾದ 26 ಜನರ ವಿವರವನ್ನು ಇಸ್ರೇಲಿನ ಡಾಕ್ಟರುಗಳು 2023ರಲ್ಲಿ ಪ್ರಕಟಿಸಿದರು. ಮಾಡಿಸಿದ ಒಂದೆರಡು ದಿನದಲ್ಲಿ ವಾಂತಿ, ಹೊಟ್ಟೆ ಅಥವಾ ಸೊಂಟದ ನೋವು ಬಂದರೆ ಆಸ್ಪತ್ರೆಗೆ ಹೋಗಿ, ತಲೆಗೆ ಏನು ಹಾಕಿಸಿಕೊಂಡಿರಿ ಅಂತಲೂ ಹೇಳಿ. ಗರ್ಭಿಣಿಯರು ಸದ್ಯಕ್ಕೆ ಮುಂದೂಡಿ.

ಮಗಳಿಗೆ ಹನ್ನೊಂದು ವರ್ಷ. ಅಕ್ಕನ ಮದುವೆಗೆ ಮಾಡಿಸಲಾ?

ಬೇಡ. ಚೆನ್ನಾಗಿ ಜಡೆ ಹೆಣೆದು ಮಲ್ಲಿಗೆ ಮುಡಿಸಿ.

ಸಾಕಾಯ್ತು. ನನ್ನ ಗುಂಗುರು ನನಗೆ ವಾಪಸ್ ಬೇಕು.

ನೇರ ಮಾಡಿದ ಭಾಗ ಗುಂಗುರಾಗುವುದಿಲ್ಲ. ಮತ್ತೆ ಪರ್ಮ್ ಮಾಡಿಸಿ ಗುಂಗುರು ತರುವ ಯೋಚನೆ ಬೇಡ, ಆ ಕೂದಲಿಗೆ ಅಷ್ಟು ತ್ರಾಣ ಉಳಿದಿರುವುದಿಲ್ಲ. ಹೊಸದು ಬೆಳೆಯಬೇಕು, ಹಳೆಯದು ಹೋಗಬೇಕು. ವರ್ಷಕ್ಕೆ ಸುಮಾರು ಹನ್ನೆರಡು ಸೆಂಟಿಮೀಟರ್ ಲೆಕ್ಕ. ಧೈರ್ಯ ಇದ್ದವರು ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿ ಬೇಗ ಮುಗಿಸುತ್ತಾರೆ. ದೇವರಿಗೆ ಮುಡಿ ಕೊಡುವ ಹರಕೆ ಬಾಕಿ ಇದ್ದವರಿಗೆ ಇನ್ನೂ ಸುಲಭ! ಉಳಿದವರು ಎರಡು ಮೂರು ತಿಂಗಳಿಗೊಮ್ಮೆ ಎರಡು ಬೆರಳಿನಷ್ಟು ತುದಿ ಕತ್ತರಿಸುತ್ತಾ ಹೋಗಿ. ಈ ನಡುವೆ ಹೊಸ ಬುಡವನ್ನು ತುದಿಗೆ ಹೊಂದಿಸಲು ಐರನ್ ಮಾಡುತ್ತಾ ಕೂತರೆ ಗುಂಗುರು ಬರುವ ಮೊದಲೇ ಸುಟ್ಟುಹೋಗುತ್ತದೆ. ತಲೆಸ್ನಾನದ ಮೇಲೆ ಕೂದಲು ಇನ್ನೂ ತೇವ ಇರುವಾಗ ಸಡಿಲವಾಗಿ ಎರಡು ಜಡೆ ಹೆಣೆದು, ತುದಿಗೆ ಮೆತ್ತನೆ ಬಟ್ಟೆ ಕಟ್ಟಿ, ಒಣಗಿದ ಮೇಲೆ ಬಿಚ್ಚಿ. ನೇರ ಭಾಗದಲ್ಲೂ ಅಲೆ ಮೂಡುತ್ತದೆ, ಬುಡಕ್ಕೂ ತುದಿಗೂ ಅಷ್ಟು ವ್ಯತ್ಯಾಸ ಕಾಣುವುದಿಲ್ಲ.